ಮೂರನೇ ಸಾಲಿನ ಚಪ್ಪಾಳೆ ಮಾವ

ಆ ರಂಗಮಂದಿರಕ್ಕೆ ಎಷ್ಟು ವಯಸ್ಸು ಅಂತ ಕೇಳಿ ನೋಡಿ, ಇಬ್ಬರು ಒಂದೇ ಉತ್ತರ ಕೊಟ್ಟರೆ ಹೇಳಿ. ಕಾರ್ಯದರ್ಶಿಗಳು ಮೈಕಿನ ಮುಂದೆ ನಿಂತರೆ ಅದಕ್ಕೆ ನೂರೈವತ್ತು ವರ್ಷ. ಛಾವಣಿ ರಿಪೇರಿಯ ಗುತ್ತಿಗೆದಾರ ಏಣಿ ಹತ್ತಿದರೆ ಇನ್ನೂರು. ಮುಂಬಾಗಿಲ ನೆತ್ತಿಯಲ್ಲಿ ಗಾರೆಯ ಎರಡು ಮುಖಗಳಿವೆ. ಒಂದು ನಗುತ್ತದೆ, ಇನ್ನೊಂದು ಅಳುತ್ತದೆ. ನಗುವ ಮುಖದ ಮೂಗು ಉದುರಿ ಯಾವ ಕಾಲವೋ ಆಯಿತು. ಅಳುವ ಮುಖಕ್ಕೆ ಮಾತ್ರ ತಪ್ಪದೆ ಸುಣ್ಣ ಬಳಿಯುತ್ತಾರೆ, ಅನುದಾನ ಕೊಡುವವರು ಬಂದಾಗ ಮೊದಲು ಅದೇ ಕಣ್ಣಿಗೆ ಬೀಳಲಿ ಅಂತ.

ಒಳಗೆ ಹೋದರೆ ಕೆಂಪು ಮಖಮಲ್ಲಿನ ಕುರ್ಚಿಗಳು. ಮೇಲೆ ಬಾಲ್ಕನಿ, ಅಲ್ಲಿ ಪಾರಿವಾಳಗಳಿಗಷ್ಟೇ ಪ್ರವೇಶ. ಕೆಳಗೆ ಮೂರನೇ ಸಾಲು, ನಡುದಾರಿಯ ಪಕ್ಕದ ಕುರ್ಚಿ. ಅಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡು ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಒಬ್ಬ ಮನುಷ್ಯ ಕೂತಿದ್ದರೆ, ಅವನೇ ಚಪ್ಪಾಳೆ ಮಾವ. ಅವನ ಕೆಲಸ ಏನು ಅಂತ ಕೇಳಿದರೆ ಹೇಳುವುದು ಸುಲಭ, ನಂಬುವುದು ಕಷ್ಟ. ಮೊದಲ ಚಪ್ಪಾಳೆ ತಟ್ಟುವುದು ಅವನ ಕೆಲಸ.

ಹುಟ್ಟುತ್ತಲೇ ಯಾರಾದರೂ ಈ ಕೆಲಸಕ್ಕೆ ಬರುತ್ತಾರೆಯೇ? ಅವನು ಬಂದದ್ದು ಕುರ್ಚಿ ರಿಪೇರಿಗೆ. ಹರಿದ ಮಖಮಲ್ಲು ಬಿಚ್ಚಿ, ಗಂಟುಗಟ್ಟಿದ ಹತ್ತಿ ತೆಗೆದು, ಹೊಸ ಹತ್ತಿ ತುಂಬಿ ಮೊಳೆ ಹೊಡೆಯುವವನು. ಒಂದು ದಿನ ಹಿಂದಿನ ಸಾಲಿನಲ್ಲಿ ಅವನು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಾಗ ವೇದಿಕೆಯ ಮೇಲೆ ಯಾರೋ ವಿದ್ವಾಂಸರು "ರಂಗಭೂಮಿಯ ನಾಳೆಗಳು" ಅಂತ ಮಾತಾಡುತ್ತಿದ್ದರು. ಇಂದೇ ಮುಗಿಯುವ ಲಕ್ಷಣವಿರಲಿಲ್ಲ. ಸಭೆಗೆ ಸಭೆಯೇ ನಿದ್ದೆಯಲ್ಲಿತ್ತು. ವಿದ್ವಾಂಸರು ನೀರು ಕುಡಿಯಲು ನಿಂತರು, ಇತ್ತ ಇವನು ಕುರ್ಚಿ ಮುಗಿಸಿ ಕೈಗಂಟಿದ ಹತ್ತಿಯ ಧೂಳನ್ನು ಪಟಪಟ ಕೊಡವಿದ. ಅಷ್ಟೇ. ಮಲಗಿದ್ದವರೆಲ್ಲ ಬೆಚ್ಚಿ ಎದ್ದು, ಏನೋ ದೊಡ್ಡ ಮಾತು ತಪ್ಪಿಹೋಯಿತಲ್ಲ ಎಂಬ ನಾಚಿಕೆಗೆ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟರು. ವಿದ್ವಾಂಸರ ಕಣ್ಣಲ್ಲಿ ನೀರು. ಆ ಸಂತೋಷದಲ್ಲಿ ಮತ್ತೂ ಒಂದು ತಾಸು ಮಾತಾಡಿದರು.

ಮರುದಿನ ಆಗಿನ ಕಾರ್ಯದರ್ಶಿ ಕರೆಸಿದರು. "ಕೈ ತೋರ್ಸಯ್ಯ."

ಇವನು ಕಳ್ಳತನದ ಗುಮಾನಿ ಇರಬೇಕು ಅಂದುಕೊಂಡು ಎರಡೂ ಕೈ ಮುಂದೆ ಚಾಚಿದ. ಒಂದೊಂದೂ ಮೊರದಷ್ಟು ಅಗಲ.

"ಭೇಷ್. ನಾಳೆ ಸಂಜೆ ಕವಿಗೋಷ್ಠಿ ಇದೆ, ಬಂದು ಕೂತ್ಕೋ. ನಾನು ಮೂಗು ಉಜ್ಜಿದಾಗ ತಟ್ಟು."

ಹಾಗೆ ಶುರುವಾದದ್ದು. ಆ ಕಾರ್ಯದರ್ಶಿ ಹೋದರು, ಅವರ ಮೂಗೂ ಹೋಯಿತು. ಮಾವ ಉಳಿದ. ಕಾಲ ಕಳೆದಂತೆ ಯಾರ ಮೂಗಿನ ಹಂಗೂ ಬೇಡವಾಯಿತು. ಭಾಷಣಕಾರನ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಅವನು ಕತ್ತೆತ್ತಿ ಸಭೆಯನ್ನು ಬೇಡುವ ಕಣ್ಣಿಂದ ನೋಡುತ್ತಾನೆ ಅನ್ನುವುದು ಮಾವನ ಮೈಗೆ ಹತ್ತಿತು. ಮಾತು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಕೇಳುತ್ತಲೂ ಇರಲಿಲ್ಲ. ಮಂತ್ರಿಗಳಿಗೆ ಉದ್ದದ ಚಪ್ಪಾಳೆ, ಮಕ್ಕಳಿಗೆ ಚುರುಕಿನದು. ಕವಿಗಳಿಗೆ ಮಾತ್ರ ಎರಡೇ ಏಟು. ಹೆಚ್ಚು ತಟ್ಟಿದರೆ ಇನ್ನೊಂದು ಓದುತ್ತಾರೆ. ಹಾಡುಗಾರರಿಗೆ ತಲೆ ಅಲ್ಲಾಡಿಸಿ "ಆಹಾ, ಅದ್ಭುತ" ಅಂದು ಆಮೇಲೆ ತಟ್ಟುವುದು. ಕೊನೆಗೆ ವಂದನಾರ್ಪಣೆಯಲ್ಲಿ ಮೈಕಿನವರ ಹೆಸರು ಬರುತ್ತಿದ್ದಂತೆ ಮಾವ ಎದ್ದು ನಿಲ್ಲುತ್ತಿದ್ದ. ಅವನು ಎದ್ದರೆ ಮುಗಿಯಿತು, ಚಹಾ ಬಂತು ಅಂತಲೇ ಅರ್ಥ. ಜನ ವೇದಿಕೆ ನೋಡುವುದನ್ನು ಬಿಟ್ಟು ಅವನನ್ನು ನೋಡುವುದು ಕಲಿತರು. ತಟ್ಟಿದರೆ ತಟ್ಟು, ಎದ್ದರೆ ಏಳು. ತಲೆಗೆ ಕೆಲಸವಿಲ್ಲ, ಎಷ್ಟು ಹಗುರ!

ಜನ ಅಂದೆನಲ್ಲ, ಯಾರು ಆ ಜನ? ನಾಟಕ ನೋಡಲು ಜನ ಬರುವುದು ನಿಂತ ಮೇಲೆಯೇ ಅಲ್ಲಿ ಕಾರ್ಯಕ್ರಮಗಳು ಜಾಸ್ತಿಯಾದದ್ದು. ಹಳೆಯ ಕಟ್ಟಡಗಳಿಗೆ ಅನುದಾನ ಕೊಡುವ ಸಂಸ್ಥೆಯೊಂದು, ಸಾಂಸ್ಕೃತಿಕ, ಶೈಕ್ಷಣಿಕ, ಸಾಮುದಾಯಿಕ ಈ ಮೂರೂ ಬಗೆಯವು ನಡೆಯಲೇಬೇಕು ಅಂದಿತ್ತು. ಯಾವುದು ಯಾವುದು ಅನ್ನುವುದು ಕಾರ್ಯದರ್ಶಿಗಳಿಗೇ ಗೊಂದಲ. ಸ್ಪಷ್ಟವಾಗಿ ಹೇಳಬಲ್ಲವನು ದೀಪದವನೊಬ್ಬನೇ. "ಸಭೆಯ ದೀಪ ಆರಿಸಿದ್ರೆ ಸಾಂಸ್ಕೃತಿಕ. ಆರಿಸದಿದ್ರೆ ಶೈಕ್ಷಣಿಕ. ಚಹಾ ಕೊಟ್ರೆ ಸಾಮುದಾಯಿಕ. ಕರೆಂಟ್ ಹೋಯ್ತು ಅನ್ನಿ, ಮೂರೂ ಒಟ್ಟಿಗೆ." ಈ ಮೂರಕ್ಕೂ ಬರುತ್ತಿದ್ದವರು ಅವರೇ ಅವರೇ. ನಿವೃತ್ತ ಗುಮಾಸ್ತರು, ಗಿರಾಕಿಯಿಲ್ಲದ ಹೊತ್ತಿನ ಕ್ಷೌರದಂಗಡಿಯವನು, ಹೆಣಿಗೆ ಹಿಡಿದುಕೊಂಡು ಬರುವ ಅಕ್ಕತಂಗಿಯರು, ಪಕ್ಕದ ಟ್ಯೂಷನ್ ಬಿಡುವ ತನಕ ಕೂರಲು ಜಾಗ ಬೇಕಾದ ತಾಯಂದಿರು. ಫೋಟೋದಲ್ಲಿ ಹೆಚ್ಚಾಗಿ ಕಾಣಲಿ ಅಂತ ಅವರನ್ನು ಅಂಗಳದಲ್ಲಿ ಕಾಳು ಒಣಗಿಸಿದ ಹಾಗೆ ಹರಡಿ ಕೂರಿಸುತ್ತಿದ್ದರು.

ಇಷ್ಟೇ ಆಗಿದ್ದರೆ ಮಾವನ ಬದುಕು ತಣ್ಣಗೆ ನಡೆದುಹೋಗುತ್ತಿತ್ತು. ಆದರೆ ಕಸುಬು ಮನೆಗೂ ಬಂತು.

ಅವನ ಹೆಂಡತಿಯನ್ನು ಎಲ್ಲರೂ ಅತ್ತೆ ಅನ್ನುತ್ತಿದ್ದರು, ಇವನು ಮಾವನಾದ್ದರಿಂದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಅವಳು "ಹಲೋ" ಅಂದರೆ ಆ ಕಡೆಯ ಅಧಿಕಾರಿಗಳು ಕುರ್ಚಿಯಿಂದ ಎದ್ದು ಮಾತಾಡುತ್ತಿದ್ದರಂತೆ. ಅಂಥವಳು ಮನೆಯಲ್ಲಿ ಏನು ಕೇಳಿದರೂ ಇವನದು ಒಂದೇ ಉತ್ತರ.

"ರೀ, ಅಡುಗೆ ಹೇಗಿದೆ?"

"ಆಹಾ, ಅದ್ಭುತ."

"ಉಪ್ಪು ಹಾಕೋದು ಮರೆತಿದೀನಿ."

"ಅದೇ ಕಣೇ, ಅದಕ್ಕೇ ಅದ್ಭುತ."

ಅವಳು ಹೊಸ ಸೀರೆ ಉಟ್ಟರೆ ಅದ್ಭುತ. ಹಳೆಯದನ್ನು ಉಟ್ಟು ಬಂದು ನಿಂತರೂ ಅದ್ಭುತ. ಒಮ್ಮೆ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಬಂದು "ನೋಡ್ರೀ" ಅಂದಾಗ, ಪೇಪರಿನಿಂದ ಕಣ್ಣೆತ್ತದೆ ಅದನ್ನೂ ಅದ್ಭುತ ಅಂದಿದ್ದ. ಅವಳು ಜಗಳವಾಡಿ ನೋಡಿದಳು. ಜಗಳಕ್ಕೂ ಅವನು ತಲೆ ಅಲ್ಲಾಡಿಸುತ್ತಿದ್ದ. ಗೋಡೆಗೆ ಹೇಳಿದರೆ ಮಾತಾದರೂ ತಿರುಗಿ ಬರುತ್ತದೆ.

ಹೀಗಿರುವಾಗ ರಂಗಮಂದಿರದವರು "ಹಿರಿಯರಿಗೆ ಅಭಿನಯ" ಅಂತ ಉಚಿತ ತರಗತಿ ತೆಗೆದರು. ಅತ್ತೆ ಮೊದಲ ದಿನವೇ ಹೋಗಿ ಸೇರಿಕೊಂಡಳು. ಕಲಿಸಲು ಬಂದವನು ಗಡ್ಡದ ಹುಡುಗ, ಮಾತೆತ್ತಿದರೆ ಉಸಿರಿನ ಬಗ್ಗೆ. ಎಲ್ಲರೂ ಅವನನ್ನು ಉಸಿರು ಮೇಷ್ಟ್ರು ಅನ್ನತೊಡಗಿದರು. ಮೊದಲ ತಿಂಗಳೆಲ್ಲ ಅವರನ್ನು ಮರ ಮಾಡಿ ನಿಲ್ಲಿಸಿದ. ಎರಡನೇ ತಿಂಗಳು ಮರದೊಳಗಿನ ಮೌನ ಆಗಿ ಅಂದ.

"ಮೇಷ್ಟ್ರೇ," ಅಂದಳು ಅತ್ತೆ, "ಮೌನ ನಮ್ಮನೇಲಿ ಬೇಕಾದಷ್ಟಿದೆ. ನಂಗೆ ಮಾತು ಕೊಡಿ."

ಉಸಿರು ಮೇಷ್ಟ್ರು ಉಸಿರು ಬಿಟ್ಟು, ತಾನೇ ಬರೆದ ಪುಟ್ಟ ನಾಟಕವೊಂದನ್ನು ಅವಳ ಕೈಗಿಟ್ಟ. ಒಬ್ಬಳೇ ಆಡುವ ನಾಟಕ. ಗಂಡ ಸತ್ತಿದ್ದಾನೆ. ಅವನು ಕೂರುತ್ತಿದ್ದ ಖಾಲಿ ಕುರ್ಚಿಯ ಎದುರು ಹೆಂಡತಿ ಮೊದಲು ಅವನನ್ನು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ. ಅಷ್ಟೇ ಕಥೆ. ಅಭ್ಯಾಸಕ್ಕೆ ಮನೆಯಲ್ಲಿ ಕುರ್ಚಿಯೂ ಇತ್ತು, ಗಂಡನೂ ಇದ್ದ.

"ಸುಮ್ನೆ ಕೂತ್ಕೊಳಿ ಇಲ್ಲಿ. ನೀವು ಸತ್ತಿದೀರಿ."

ಮಾವ ಸತ್ತು ಕೂತ. ಅವಳು ಬೈದಳು. ಉಸಿರೆಳೆದುಕೊಳ್ಳಲು ನಿಂತಾಗ ಸತ್ತವನು ಎರಡು ಚಪ್ಪಾಳೆ ತಟ್ಟಿ "ಅದ್ಭುತ" ಅಂದ.

ಅತ್ತೆ ಪುಸ್ತಕ ಕೆಳಗಿಟ್ಟಳು. ಈ ಸಲ ರೇಗಲಿಲ್ಲ, ಅದೇ ಮಾವನಿಗೆ ಭಯವಾದದ್ದು.

"ಕೇಳಿಸ್ಕೊಳಿ. ರಂಗಮಂದಿರದ ಸಮುದಾಯ ದಿನಕ್ಕೆ ನಂದು ಈ ನಾಟಕ ಇದೆ. ನೀವು ಬರ್ತೀರಿ, ಕೂರ್ತೀರಿ, ನೋಡ್ತೀರಿ. ಚಪ್ಪಾಳೆ ತಟ್ಟಕೂಡದು. ಆ ಅದ್ಭುತ ಅನ್ನೋ ಮಾತು ಬಾಯಿಂದ ಬರಕೂಡದು. ಮುಗಿದ್ಮೇಲೆ ಹೇಗಿತ್ತು ಅಂತ ಹೇಳ್ಬೇಕು. ನಿಜ ಹೇಳ್ಬೇಕು. ಇಷ್ಟು ವರ್ಷ ಸಂಸಾರ ಮಾಡಿದೀನಿ, ನಿಮ್ಮಿಂದ ಒಂದೇ ಒಂದು ನಿಜವಾದ ಮಾತು ನಂಗೆ ಬೇಕು. ಅದೂ ಆಗ್ಲಿಲ್ವಾ, ಆ ಕುರ್ಚಿ ಖಾಲಿನೇ ಅಂದ್ಕೊಂಡು ಇದ್ದುಬಿಡ್ತೀನಿ. ನಿಮ್ಮತ್ರ ಮತ್ತೆ ಬಾಯಿ ಬಿಡಲ್ಲ."

ಎಕ್ಸ್‌ಚೇಂಜಿನವಳು ಲೈನ್ ಕತ್ತರಿಸುತ್ತೇನೆ ಅಂದರೆ ಕತ್ತರಿಸಿದ ಹಾಗೆಯೇ. ಮಾವನಿಗೆ ಅದು ಗೊತ್ತಿತ್ತು.

ಸಮುದಾಯ ದಿನ ಬಂತು. ಅನುದಾನದ ಸಂಸ್ಥೆಯಿಂದ ಮೂವರು ಅತಿಥಿಗಳು. ಅವರಲ್ಲಿ ಹಿರಿಯಳಾದ ಅಧಿಕಾರಿಣಿ ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದಳು. ಈಗಿನ ಕಾರ್ಯದರ್ಶಿಗಳು ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಾವನನ್ನು ಕಂಬದ ಮರೆಗೆ ಎಳೆದು, "ಮಾವ, ಇವತ್ತು ನಮ್ಮ ಛಾವಣಿ ನಿಂತಿರೋದು ಕಂಬದ ಮೇಲಲ್ಲ, ನಿಮ್ಮ ಕೈ ಮೇಲೆ," ಅಂದರು.

"ಎಲ್ಲಾದಕ್ಕೂ ತಟ್ತೀನಿ ಸರ್. ನಮ್ಮನೆಯವಳ ನಾಟಕ ಒಂದು ಬಿಟ್ಟು."

"ಅಯ್ಯೋ! ಅದೇ ಇವತ್ತಿನ ಮುಖ್ಯ ಐಟಂ!"

"ಮನೇಲಿ ಬೇಡ ಅಂದಿದಾರೆ."

ಕಾರ್ಯದರ್ಶಿಗಳು ದೇಶದ ಪ್ರಗತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು, ಈ ಒಂದು ವಾಕ್ಯ ಕೇಳಿ ಮಾತ್ರ ಮಾವನ ತೋಳು ಬಿಟ್ಟು ಸರಿದುಹೋದರು. ಅವರೂ ಮದುವೆಯಾದವರೇ.

ಮಧ್ಯಾಹ್ನ ಶುರುವಾಯಿತು. ಮೊದಲು ಶೈಕ್ಷಣಿಕ: ರಂಗಮಂದಿರದ ಇತಿಹಾಸದ ಮೇಲೆ ಉಪನ್ಯಾಸ. ಮಾವ ತಟ್ಟಿದ, ಸಭೆ ತಟ್ಟಿತು. ಆಮೇಲೆ ಸಾಂಸ್ಕೃತಿಕ: ಮಕ್ಕಳ ಕುಣಿತ. ಚಿಟ್ಟೆಯೊಂದು ರೆಕ್ಕೆ ಕಳಚಿ ಬಿದ್ದು ಅಳುತ್ತಾ ಒಳಗೆ ಓಡಿತು. ಮಾವ ತಟ್ಟಿದ, ಸಭೆ ತಟ್ಟಿತು. ಅತಿಥಿಗಳು ಮುಗುಳ್ನಕ್ಕರು. ಆಮೇಲೆ ದೀಪ ಆರಿತು, ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ, ಅದರ ಮೇಲೆ ಒಂದು ಬೆಳಕು. ಅತ್ತೆ ಬಂದಳು.

"ಹೋದ್ರಾ?" ಅಂದಳು ಕುರ್ಚಿಗೆ. "ಹೇಳದೆ ಕೇಳದೆ ಹೋದ್ರಾ? ಎಂದಿನ ಹಾಗೇ."

ಆ ದನಿಗೆ ಹೆಣಿಗೆಯವರ ಸೂಜಿ ನಿಂತಿತು. ಅತ್ತೆ ಬೈಯತೊಡಗಿದಳು. ಮಾವನಿಗೆ ವಿಚಿತ್ರವೆನಿಸಿತು. ಇಷ್ಟು ವರ್ಷ ಮೂರನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದರೂ ಮಾತುಗಳು ನೇರವಾಗಿ ಕಿವಿಯೊಳಗೆ ಬಂದು ಬೀಳುತ್ತಿರುವುದು ಇದೇ ಮೊದಲು. ಆದರೆ ಕೈಗಳಿಗೆ ಅದೆಲ್ಲ ಏನು ಗೊತ್ತು? ಅವಳ ದನಿ ಏರಿ ಇಳಿದು ನಿಂತಾಗ ಅವು ತಾವಾಗಿಯೇ ಮೇಲೆದ್ದವು. ಮಾವ ಗಾಬರಿಯಿಂದ ಅವನ್ನು ಹಿಡಿದು ತೊಡೆಯಡಿ ಹಾಕಿಕೊಂಡು ಅವುಗಳ ಮೇಲೆ ಕೂತ.

ಸಭೆ ಅವನನ್ನು ನೋಡಿತು. ಅವನು ತಟ್ಟಲಿಲ್ಲ. ಸಭೆಯೂ ತಟ್ಟಲಿಲ್ಲ. ಅತ್ತೆ ಇನ್ನೊಮ್ಮೆ ಮಾತು ನಿಲ್ಲಿಸಿದಳು, ಆಗಲೂ ಚಪ್ಪಾಳೆಯಿಲ್ಲ. ಕ್ಷೌರದಂಗಡಿಯವನು ಹಿಂದಿನಿಂದ ಬಾಗಿ, "ಮಾವ, ಆರೋಗ್ಯ ಸರಿಗಿದೆಯಾ?" ಅಂದ. ಪಕ್ಕದ ಪರದೆಯ ಸಂದಿಯಿಂದ ಕಾರ್ಯದರ್ಶಿಗಳ ಎರಡು ಕೈ ಮಾತ್ರ ಹೊರಬಂದು, ತಟ್ಟಿ, ತಟ್ಟಿ ಅಂತ ಗಾಳಿಯಲ್ಲಿ ಅಂಗಲಾಚತೊಡಗಿದವು. ಅಧಿಕಾರಿಣಿ ಕನ್ನಡಕ ಹಾಕಿಕೊಂಡು ಸುತ್ತ ನೋಡಿದಳು. ತೊಡೆಯಡಿಯ ಕೈಗಳು ಬೆವೆತು ಜಾರುತ್ತಿದ್ದವು. ಇನ್ನೊಂದು ವಿರಾಮ ಬಂದರೆ ಅವು ಕಿತ್ತುಕೊಂಡು ಹೊರಬರುವುದು ಖಂಡಿತ ಅನ್ನಿಸಿತು ಮಾವನಿಗೆ. ಹಿಂಬಾಗಿಲ ಹತ್ತಿರ ಕತ್ತಲಲ್ಲಿ ನಿಂತು ನೋಡಿದರೆ ಯಾರ ಕಣ್ಣೂ ತನ್ನ ಮೇಲಿರುವುದಿಲ್ಲ. ಹಾಗಂದುಕೊಂಡ. ಮೆಲ್ಲಗೆ ಎದ್ದ.

ಎದ್ದದ್ದೇ ತಪ್ಪು.

ಮೂರನೇ ಸಾಲು ಎದ್ದಿತು. ಅದನ್ನು ನೋಡಿ ನಾಲ್ಕನೆಯದು ಎದ್ದಿತು. ಮುಂದಿನ ಸಾಲಿನವರು, ಹಿಂದೆ ಕುರ್ಚಿಗಳ ಸದ್ದು ಕೇಳಿ, ಬಿಸ್ಕತ್ತು ಖಾಲಿಯಾದೀತೆಂದು ಇನ್ನೂ ಬೇಗ ಎದ್ದರು. ನಲ್ಲಿ ಬಿಟ್ಟ ಹಾಗೆ ಸಭೆ ಬಾಗಿಲ ಕಡೆಗೆ ಹರಿಯಿತು. ನಡುವೆ ಸಿಕ್ಕಿದ ಮಾವ ತಿರುಗಲು ನೋಡಿದ, ಹಿಂದಿನಿಂದ ತಳ್ಳಿದರು. "ಕೂತ್ಕೊಳ್ರಪ್ಪ, ಇನ್ನೂ ಇದೆ!" ಅಂದ. "ಇರುತ್ತೆ ಇರುತ್ತೆ, ಎಲ್ಲರಿಗೂ ಸಿಗುತ್ತೆ," ಅಂದರು ನಿವೃತ್ತ ಗುಮಾಸ್ತರು, ಬಿಸ್ಕತ್ತಿನ ವಿಚಾರ ಅಂತ ತಿಳಿದು. ಹೆಣಿಗೆಯ ಅಕ್ಕ ಅವನ ಭುಜ ತಟ್ಟಿ, "ಚೆನ್ನಾಗಿತ್ತು ಮಾವ. ಬೇಗ ಮುಗೀತು," ಅಂದಳು.

ಅಂಗಳದಲ್ಲಿ ಚಹಾದವನು ಕಂಗಾಲಾದ. "ಇನ್ನೂ ನೀರೇ ಕುದ್ದಿಲ್ಲ, ಇದೇನ್ರೀ ಹೀಗೆ ಮುತ್ತಿಗೆ ಹಾಕ್ತೀರಿ!"

ಅತಿಥಿಗಳೂ ಜನರ ಜೊತೆಗೇ ಹೊರಗೆ ಬಂದಿದ್ದರು. ಅಧಿಕಾರಿಣಿ ಕೇಳಿದಳು, "ನಾಟಕ ನಡೀತಿರುವಾಗಲೇ ಎಲ್ಲರೂ ಯಾಕೆ ಎದ್ದು ಬಂದರು?"

ಕಾರ್ಯದರ್ಶಿಗಳು ಒಂದು ಗಳಿಗೆಯೂ ತಡವರಿಸಲಿಲ್ಲ. ಕರವಸ್ತ್ರ ತೆಗೆದು ಒಣ ಕಣ್ಣು ಒರೆಸಿಕೊಂಡರು. "ನಮ್ಮ ಸಮುದಾಯ ತುಂಬಾ ಭಾವುಕ ಮೇಡಂ. ದುಃಖ ತಡ್ಕೊಳ್ಳೋಕೆ ಆಗ್ಲಿಲ್ಲ."

ಅಧಿಕಾರಿಣಿ ಸುತ್ತ ನೋಡಿದಳು. ಸಮುದಾಯ ಬಿಸ್ಕತ್ತನ್ನು ಎರಡೆರಡಾಗಿ ಜೇಬಿಗೆ ಹಾಕಿಕೊಳ್ಳುತ್ತಿತ್ತು. "ಕಾಣಿಸುತ್ತೆ," ಅಂದಳು.

ಮಾವ ಜನರ ಸಂದಿಯಿಂದ ನುಸುಳಿ ಓಡಿದ. ಒಳಗೆ ಸಭೆ ಪೂರ್ತಿ ಖಾಲಿ. ವೇದಿಕೆಯ ಮೇಲೆ ಅತ್ತೆ ನಿಂತೇ ಇದ್ದಳು, ಕುರ್ಚಿಯ ಬೆನ್ನು ಹಿಡಿದುಕೊಂಡು, ಬರಿಯ ಸಾಲುಗಳಿಗೆ ತನ್ನ ಪಾಲಿನ ಮಾತು ಹೇಳುತ್ತಾ.

ಮೇಲಿನ ಗೂಡಿನಿಂದ ದೀಪದವನು ಕೂಗಿದ, "ಅತ್ತೆ, ಯಾರೂ ಇಲ್ಲ. ಆರಿಸ್ಲಾ?"

"ಯಾಕೆ ಆರಿಸ್ತೀಯ? ಸತ್ತಿರೋದು ಗಂಡ, ನಾನಲ್ಲ." ಅವಳ ಕಣ್ಣು ಬಾಗಿಲಿಗೆ ಬಿತ್ತು. "ಬಂದ್ರಾ ಸ್ವಾಮಿ? ಊರನ್ನೆಲ್ಲ ಎಬ್ಬಿಸ್ಕೊಂಡು ಹೋಗಿ ಬಂದ್ರಾ? ಬಾಗಿಲು ಹಾಕಿ ಬಂದು ಕೂತ್ಕೊಳಿ."

ಮಾವ ಬಾಗಿಲು ಹಾಕಿ ಬಂದು ಕೂತ. ಬೈಗುಳ ಮುಗಿದು ಅಳುವ ಭಾಗ ಬಂತು. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಮೇಷ್ಟ್ರು ಹೇಳಿಕೊಟ್ಟ ಹಾಗೆ ಉಸಿರು ಎಳೆದೆಳೆದು ಬಿಕ್ಕಿದಳು, ಕುರ್ಚಿಯ ಕಾಲಿಗೆ ಬಿದ್ದಳು. ಮುಗಿಯಿತು. ಎದ್ದು ಸೆರಗು ಕೊಡವಿಕೊಂಡು ವೇದಿಕೆಯ ಅಂಚಿಗೆ ಬಂದು ನಿಂತಳು.

"ಹೂಂ. ಹೇಳಿ."

"ಅದ್..." ಅಂತ ಬಂದೇಬಿಟ್ಟಿತ್ತು. ಮಾವ ಅದನ್ನು ನುಂಗಿದ. ಬೇರೆ ಮಾತು ಹುಡುಕಿದ. ಅತ್ತೆ ಕಾದಳು. ದೀಪದವನೂ ಗೂಡಿನಿಂದ ಕತ್ತು ಚಾಚಿ ಕಾದ.

"ಬೈದಿದ್ದು ನಿಜ ಅನ್ನಿಸ್ತು," ಅಂದ ಕೊನೆಗೆ. "ಅತ್ತಿದ್ದು ಮಾತ್ರ... ಸುಳ್ಳು ಅನ್ನಿಸ್ತು ಕಣೇ."

ಅತ್ತೆಯ ಹುಬ್ಬು ಮೇಲೇರಿತು. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ, ದೂರದ ಲೈನು ಹಠಾತ್ತನೆ ಸಿಕ್ಕಿದವಳ ಹಾಗೆ ಮುಂದೆ ಬಾಗಿದಳು. "ಯಾಕೆ ಸುಳ್ಳು?"

"ನೀನು ಅಳೋದು ಹಾಗಲ್ಲ."

"ಮತ್ತೆ ಹೇಗೆ ಅಳ್ತೀನಿ?"

"ಸದ್ದೇ ಬರಲ್ಲ. ಎದ್ದು ಅಡುಗೆಮನೆಗೆ ಹೋಗ್ತೀಯ, ನಲ್ಲಿ ತಿರುಗಿಸ್ತೀಯ. ತೊಳೆದಿಟ್ಟಿರೋ ಪಾತ್ರೆನೇ ಮತ್ತೆ ತೊಳೀತೀಯ. ಒಂದೇ ಲೋಟನ ಎಷ್ಟೋ ಹೊತ್ತು."

ಇಷ್ಟು ಹೇಳಿ ಮಾವನಿಗೆ ಹಗುರವಾಯಿತು. ನಿಜ ಹೇಳುವುದು ಇಷ್ಟೇನಾ ಅಂದುಕೊಂಡ. ತನ್ನ ಬಗ್ಗೆ ತನಗೇ ಒಂಚೂರು ಹೆಮ್ಮೆಯೂ ಆಯಿತು, ಪಾಪ.

ಬಾಗಿದ್ದ ಅತ್ತೆ ನೆಟ್ಟಗೆ ನಿಂತಳು. ಆಮೇಲೆ ತಗ್ಗಿದ ದನಿಯಲ್ಲಿ, "ಅಂದ್ರೆ ಗೊತ್ತಿತ್ತು," ಅಂದಳು.

"ಏನು?"

"ನಾನು ಅಲ್ಲಿ ನಿಂತು ಅಳ್ತಿರೋದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಇತ್ತ ಪೇಪರ್ ಓದ್ತಾ ಕೂತಿದ್ರಿ."

ಮಾವನ ಹೆಮ್ಮೆ ಬಂದ ದಾರಿ ಹಿಡಿಯಿತು. ಸುಳ್ಳು ಹೇಳಲು ಅವನಿಗೆ ಒಂದೇ ಒಂದು ಮಾತು ಬರುತ್ತಿತ್ತು, ಅದು ಇಲ್ಲಿ ನಡೆಯುವಂತಿರಲಿಲ್ಲ.

"ಗೊತ್ತಿತ್ತು," ಅಂದ.

ಆಗ ಅತ್ತೆ ಶುರುಮಾಡಿದಳು. ಮೇಷ್ಟ್ರು ಬರೆದದ್ದಲ್ಲ, ತನ್ನದೇ. ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ನೇರ ಮೂರನೇ ಸಾಲಿಗೆ ಹೇಳಿದಳು. "ನಮ್ಮಮ್ಮ ಹೋದ ದಿನ ನೀವು ಎಲ್ಲಿದ್ರಿ? ಇದೇ ಜಾಗದಲ್ಲಿ. ಹಲ್ಲುಜ್ಜೋದು ಹೇಗೆ ಅನ್ನೋ ಭಾಷಣಕ್ಕೆ ಚಪ್ಪಾಳೆ ತಟ್ತಿದ್ರಿ. ಮನೆಗೆ ಬಂದ್ರಿ, ನಾನು ನಲ್ಲಿ ಹತ್ರ ನಿಂತಿದ್ದೆ. ಏನು ಕೇಳಿದ್ರಿ ನೆನಪಿದೆಯಾ? ಟವೆಲ್ ಎಲ್ಲಿ ಅಂತ ಕೇಳಿದ್ರಿ!"

ಹೊರಗೆ ಚಹಾ ಆಗಿತ್ತು. ಒಳಗಿನ ದನಿ ಕೇಳಿ ಜನ ಲೋಟ ಹಿಡಿದುಕೊಂಡೇ ಒಬ್ಬೊಬ್ಬರಾಗಿ ಬಂದು ಕೂತರು. ಕಾರ್ಯದರ್ಶಿಗಳು ಅತಿಥಿಗಳನ್ನು ಕರೆತಂದು, "ಎರಡನೇ ಭಾಗ," ಅಂತ ಪಿಸುಗುಟ್ಟಿದರು. ಅಧಿಕಾರಿಣಿ ವೇದಿಕೆಯನ್ನೂ ಮಾವನನ್ನೂ ನೋಡಿ ಬೆರಗಾದಳು. "ಗಂಡನ ಪಾತ್ರಧಾರಿಯನ್ನ ಪ್ರೇಕ್ಷಕರ ಮಧ್ಯೆಯೇ ಕೂರಿಸಿದೀರಿ! ಎಂಥ ಹೊಸ ಪ್ರಯೋಗ! ಎಷ್ಟು ಸಹಜವಾಗಿ ತಲೆ ತಗ್ಗಿಸಿದಾನೆ ನೋಡಿ!"

"ಅವರಿಗೆ ಬಹಳ ವರ್ಷದ ಅನುಭವ ಮೇಡಂ," ಅಂದರು ಕಾರ್ಯದರ್ಶಿಗಳು.

ಅತ್ತೆ ಉಸಿರಿಗಾಗಿ ನಿಂತಳು. ಇದೇ ಸಮಯವೆಂದು ಕಾರ್ಯದರ್ಶಿಗಳು ತಾವೇ ಚಪ್ಪಾಳೆ ತಟ್ಟಿದರು. ಸಭೆ ಮಾವನ ಕಡೆ ನೋಡಿತು. ಮಾವ ಹಿಂದಕ್ಕೆ ತಿರುಗಿ, "ಶ್! ಅವಳು ಮಾತಾಡ್ತಿದಾಳೆ," ಅಂದ. ಸಭೆ ಒಟ್ಟಿಗೆ ಕಾರ್ಯದರ್ಶಿಗಳ ಕಡೆ ತಿರುಗಿ "ಶ್!" ಅಂದಿತು.

ಅತ್ತೆ ಸಭೆಯನ್ನು ಈಗಷ್ಟೇ ಕಂಡವಳಂತೆ ನೋಡಿದಳು. ಒಂದು ಗಳಿಗೆ ನಿಲ್ಲಿಸಿಬಿಡುತ್ತಾಳೇನೋ ಅನ್ನಿಸಿತು.

"ಹೇಳು," ಅಂದ ಮಾವ. "ಕೇಳ್ತಿದೀನಿ."

"ಕೇಳಿ ಹಾಗಾದ್ರೆ. ಟವೆಲಿನದು ಆಯ್ತಲ್ಲ," ಅಂದಳು ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. "ಈಗ ನಿಮ್ಮಕ್ಕನ ವಿಚಾರಕ್ಕೆ ಬರ್ತೀನಿ."